ನಿಜವೆನಿಸುವ ಒಂದು ಕೋಣೆ: ಹೊಸ ತಲೆಮಾರಿನ ಗೇಮ್ ಎಂಜಿನ್ ಮತ್ತು ಕನ್ಸೋಲ್‌ಗಳಲ್ಲಿ ವಾಸ್ತವಿಕ ಗ್ರಾಫಿಕ್ಸ್ ಕಟ್ಟುವ ಸಮಗ್ರ ಮಾರ್ಗದರ್ಶಿ

2020ರ ಮೇ ತಿಂಗಳಲ್ಲಿ ಎಪಿಕ್ ಗೇಮ್ಸ್ ಸಂಸ್ಥೆಯು ಪ್ಲೇಸ್ಟೇಷನ್ 5 ಕನ್ಸೋಲ್‌ನಲ್ಲಿ ಓಡುತ್ತಿದ್ದ, ಗೇಮ್ ಕಟ್ಟುವ ತನ್ನ ತಂತ್ರಾಂಶವಾದ (ಗೇಮ್ ಎಂಜಿನ್) ಅನ್‌ರಿಯಲ್ ಎಂಜಿನ್ 5ರ ಪ್ರಾತ್ಯಕ್ಷಿಕೆಯನ್ನು ತೋರಿಸಿದಾಗ, ನೋಡಿದವರ ಮಾತೆಲ್ಲ ಅದರಲ್ಲಿದ್ದ ಒಂದು ಪ್ರತಿಮೆಯ ಸುತ್ತ ತಿರುಗಿತು. ಕಂಪ್ಯೂಟರ್ ಆಕಾರಗಳನ್ನು ಸಣ್ಣ ಸಣ್ಣ ತ್ರಿಕೋನಗಳನ್ನು ಜೋಡಿಸಿ ಬಿಡಿಸುತ್ತದೆ, ಆ ಒಂದೇ ಪ್ರತಿಮೆಯಲ್ಲಿ 3.3 ಕೋಟಿಗೂ ಹೆಚ್ಚು ತ್ರಿಕೋನಗಳಿದ್ದವು. ಅಂದಿನಿಂದ ವಾಸ್ತವಿಕತೆಯೆಂದರೆ ತ್ರಿಕೋನಗಳ ಎಣಿಕೆ ಎಂಬ ತಿಳುವಳಿಕೆ ಕಲಿಯುವವರಲ್ಲಿ ಬೇರೂರಿದೆ. ನನ್ನ ಅನುಭವದಲ್ಲಿ ಒಂದು ದೃಶ್ಯ ಸುಳ್ಳಾಗಿ ಕಾಣುವುದಕ್ಕೆ ತ್ರಿಕೋನಗಳ ಕೊರತೆ ಕಾರಣವಾಗುವುದು ತೀರಾ ಅಪರೂಪ. ಗೋಡೆಯ ಬಿಳುಪು ಇರಬೇಕಾದುದಕ್ಕಿಂತ ಹೆಚ್ಚಾಗಿರುತ್ತದೆ, ದೀಪದ ಪ್ರಖರತೆಯನ್ನು ಅಂದಾಜಿನಲ್ಲಿ ಇಟ್ಟಿರುತ್ತಾರೆ, ಅಥವಾ ಒಂದು ಟೆಕ್ಸ್ಚರ್‌ನ (ಮೇಲ್ಮೈಗೆ ಹೊದಿಸುವ ಚಿತ್ರದ) ಸೆಟ್ಟಿಂಗ್ ತಪ್ಪಾಗಿರುತ್ತದೆ. ಅಳತೆ ತಪ್ಪಿದ ಕಡೆ ವಿವರ ಸೇರಿಸುತ್ತ ಹೋದರೆ ತಪ್ಪೇ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಆದ್ದರಿಂದ ಇಲ್ಲಿ ಒಂದೇ ಒಂದು ಸಣ್ಣ ದೃಶ್ಯವನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟೋಣ: ನಾಲ್ಕು ಗೋಡೆಗಳ ಕೋಣೆ, ಒಂದು ಕಿಟಕಿ, ಮರದ ಮೇಜು, ಮೇಜಿನ ಮೇಲೆ ತಾಮ್ರದ ಹೂಜಿ ಮತ್ತು ನೀರು ತುಂಬಿದ ಗಾಜಿನ ಲೋಟ. ಉದಾಹರಣೆಗಳನ್ನು 2022ರ ಏಪ್ರಿಲ್‌ನಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ಅನ್‌ರಿಯಲ್ ಎಂಜಿನ್ 5ರಿಂದ ಕೊಟ್ಟಿದ್ದೇನೆ. ಬೇರೆ ಎಂಜಿನ್‌ಗಳಲ್ಲಿ, ಅಂದರೆ ಯೂನಿಟಿಯ ಎಚ್‌ಡಿಆರ್‌ಪಿಯಲ್ಲಾಗಲಿ (ಅದರ ಉನ್ನತ ಗುಣಮಟ್ಟದ ಗ್ರಾಫಿಕ್ಸ್ ವ್ಯವಸ್ಥೆ) ಗೋಡೋ 4ರಲ್ಲಾಗಲಿ ಕೆಲಸ ಮಾಡುವವರಿಗೆ ಬಟನ್‌ಗಳ ಹೆಸರು ಬದಲಾಗುತ್ತದೆಯೇ ಹೊರತು ಕೆಲಸದ ಕ್ರಮ ಬದಲಾಗುವುದಿಲ್ಲ.

ಹಂತ 1: ಯಂತ್ರದ ಮಿತಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ

ಎಂಜಿನ್ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ನಿಮ್ಮ ಫ್ರೇಮ್‌ನ (ಪರದೆಯ ಮೇಲೆ ಒಂದರ ಹಿಂದೊಂದು ಬರುವ ಒಂದೊಂದು ಚಿತ್ರದ) ಸಮಯವನ್ನು ಬರೆಯಿರಿ. ಸೆಕೆಂಡಿಗೆ 30 ಫ್ರೇಮ್ ಬೇಕೆಂದರೆ ಪ್ರತಿ ಫ್ರೇಮ್‌ಗೆ 33.3 ಮಿಲಿಸೆಕೆಂಡು, 60 ಬೇಕೆಂದರೆ 16.7 ಮಿಲಿಸೆಕೆಂಡು ಸಿಗುತ್ತದೆ. 120 ಹರ್ಟ್ಜ್ ಟಿವಿಗಳಲ್ಲಿ 40 ಫ್ರೇಮ್ ಎಂಬ ನಡುವಿನ ದಾರಿಯೂ ಇದೆ. ಅದಕ್ಕೆ 25 ಮಿಲಿಸೆಕೆಂಡು, ಅಂದರೆ ಸಮಯದ ಲೆಕ್ಕದಲ್ಲಿ ಸರಿಯಾಗಿ ಮಧ್ಯದಲ್ಲಿ ಬರುತ್ತದೆ. ಎಲ್ಲ ನಿರ್ಧಾರಗಳೂ ಈ ಸಂಖ್ಯೆಯಿಂದಲೇ ಹುಟ್ಟುವುದರಿಂದ, ಅದನ್ನು ಕೊನೆಗೆ ನೋಡಿಕೊಳ್ಳೋಣ ಎಂದವರು ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟಬೇಕಾಗುತ್ತದೆ.

ಅದರ ಪಕ್ಕದಲ್ಲಿ ಯಂತ್ರಗಳ ಶಕ್ತಿಯನ್ನೂ ಬರೆಯಿರಿ. ಪ್ಲೇಸ್ಟೇಷನ್ 5ರ ಜಿಪಿಯು (ಚಿತ್ರ ಬಿಡಿಸುವ ಚಿಪ್) 10.28 ಟೆರಾಫ್ಲಾಪ್ಸ್ (ಸೆಕೆಂಡಿಗೆ ಅಷ್ಟು ಲಕ್ಷ ಕೋಟಿ ಲೆಕ್ಕಗಳು), ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನದು 12 ಟೆರಾಫ್ಲಾಪ್ಸ್. ಎರಡರಲ್ಲೂ 16 ಜಿಬಿ ಮೆಮೊರಿ ಇದ್ದು, ಅದನ್ನು ಸಿಪಿಯು ಮತ್ತು ಜಿಪಿಯು ಹಂಚಿಕೊಳ್ಳುತ್ತವೆ. ಅದರಲ್ಲಿ ಒಂದು ಪಾಲನ್ನು ಕನ್ಸೋಲ್‌ನ ಆಪರೇಟಿಂಗ್ ಸಿಸ್ಟಮ್ ತನಗಾಗಿ ಇಟ್ಟುಕೊಳ್ಳುತ್ತದೆ. ಸೀರೀಸ್ ಎಸ್‌ನಲ್ಲಿ 4 ಟೆರಾಫ್ಲಾಪ್ಸ್ ಮತ್ತು 10 ಜಿಬಿ ಮಾತ್ರ. ಎಕ್ಸ್‌ಬಾಕ್ಸ್‌ಗೂ ಗೇಮ್ ತರುವ ಆಲೋಚನೆಯಿದ್ದರೆ ಈ ಚಿಕ್ಕ ಯಂತ್ರವೇ ನಿಮ್ಮ ನಿಜವಾದ ಗಡಿ.

ಪಿಕ್ಸೆಲ್‌ಗಳ ಲೆಕ್ಕ ಇನ್ನೂ ಕಟುವಾಗಿದೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ. ಪ್ರತಿ ಪಿಕ್ಸೆಲ್‌ಗೆ ಒಂದೇ ಒಂದು ಬೆಳಕಿನ ಕಿರಣವನ್ನು ಬಿಟ್ಟರೂ 60 ಫ್ರೇಮ್‌ಗಳಲ್ಲಿ ಸೆಕೆಂಡಿಗೆ ಸುಮಾರು 50 ಕೋಟಿ ಕಿರಣಗಳಾಗುತ್ತವೆ. ಚಲನಚಿತ್ರದ ಗ್ರಾಫಿಕ್ಸ್‌ನಲ್ಲಿ ಒಂದೊಂದು ಪಿಕ್ಸೆಲ್‌ಗೆ ನೂರಾರು ಕಿರಣಗಳನ್ನು ಬಳಸಿ, ಒಂದು ಫ್ರೇಮ್‌ಗಾಗಿ ಗಂಟೆಗಟ್ಟಲೆ ಕಾಯುವುದುಂಟು. ಗೇಮ್‌ಗೆ ಆ ಭಾಗ್ಯವಿಲ್ಲ. ಕೆಲವೇ ಕಿರಣಗಳನ್ನು ಬಿಟ್ಟು, ಹಿಂದಿನ ಫ್ರೇಮ್‌ಗಳ ಫಲಿತಾಂಶವನ್ನೂ ಬಳಸಿಕೊಂಡು, ಉಳಿದ ಕಲೆಗಳನ್ನು ಒರೆಸಿ ತೋರಿಸುವುದೇ ಈ ತಲೆಮಾರಿನ ಎಲ್ಲ ಎಂಜಿನ್‌ಗಳ ಒಳಗುಟ್ಟು.

ಹಂತ 2: ಅಳತೆ

ಅನ್‌ರಿಯಲ್‌ನಲ್ಲಿ ಒಂದು ಯೂನಿಟ್ ಎಂದರೆ ಒಂದು ಸೆಂಟಿಮೀಟರ್, ಯೂನಿಟಿಯಲ್ಲಿ ಒಂದು ಮೀಟರ್. ನೀವು ಕುಳಿತಿರುವ ಮೇಜಿನ ಎತ್ತರವನ್ನು ಟೇಪಿನಿಂದ ಅಳೆದು ಅದೇ ಸಂಖ್ಯೆಯನ್ನು ಹಾಕಿ. ಬಾಗಿಲು, ಕಿಟಕಿಯ ಚೌಕಟ್ಟು, ಲೋಟ ಎಲ್ಲವಕ್ಕೂ ಹೀಗೆಯೇ ಮಾಡಿ. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದರಿಂದ, ಕೋಣೆಯನ್ನು ಎರಡು ಪಟ್ಟು ದೊಡ್ಡದಾಗಿ ಕಟ್ಟಿದರೆ ದೀಪದ ಬೆಳಕು ಗೋಡೆಯನ್ನು ತಲುಪುವಾಗ ನಾಲ್ಕನೇ ಒಂದರಷ್ಟಾಗಿರುತ್ತದೆ. ಆಗ ದೀಪದ ಸಂಖ್ಯೆಯನ್ನು ತಿದ್ದುತ್ತ ಕೂರಬೇಕಾಗುತ್ತದೆ.

ಗೋಡೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅನ್‌ರಿಯಲ್‌ನ ಬೆಳಕಿನ ವ್ಯವಸ್ಥೆಯಾದ ಲ್ಯೂಮೆನ್‌ನಲ್ಲಿ ಗೋಡೆಯ ದಪ್ಪ 10 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಹೊರಗಿನ ಬಿಸಿಲು ಮೂಲೆಗಳಿಂದ ಒಳಕ್ಕೆ ಸೋರುತ್ತದೆ. ಜೊತೆಗೆ ನೆಲ, ಛಾವಣಿ, ಪ್ರತಿಯೊಂದು ಗೋಡೆ ಬೇರೆ ಬೇರೆ ಮೆಶ್ (ತ್ರಿಕೋನಗಳಿಂದ ಕಟ್ಟಿದ ಆಕಾರ) ಆಗಿರಲಿ. ಇಡೀ ಕೋಣೆಯನ್ನು ಒಂದೇ ಮೆಶ್ ಆಗಿ ತಂದರೆ ಲ್ಯೂಮೆನ್‌ಗೆ ಅದರ ಒಳಭಾಗ ಸರಿಯಾಗಿ ಕಾಣುವುದಿಲ್ಲ, ಮೂಲೆಗಳು ಕಾರಣವಿಲ್ಲದೆ ಕಪ್ಪಾಗುತ್ತವೆ.

ಹಂತ 3: ವಸ್ತುವಿನ ಮೇಲ್ಮೈ

ಇಲ್ಲಿ ಆತುರ ಬೇಡ, ಏಕೆಂದರೆ ಅರ್ಧದಷ್ಟು ವಾಸ್ತವಿಕತೆ ಇಲ್ಲಿಯೇ ನಿರ್ಧಾರವಾಗುತ್ತದೆ. ಇಂದಿನ ಬಹುತೇಕ ಎಂಜಿನ್‌ಗಳು ಮೇಲ್ಮೈಯನ್ನು ಮೂರು ಮುಖ್ಯ ಗುಣಗಳಲ್ಲಿ ಹೇಳುತ್ತವೆ: ಬೇಸ್ ಕಲರ್ (ಮೂಲ ಬಣ್ಣ), ರಫ್‌ನೆಸ್ (ಒರಟುತನ: 0 ಎಂದರೆ ಕನ್ನಡಿಯ ನುಣುಪು, 1 ಎಂದರೆ ಪೂರ್ತಿ ಮಂಕು), ಮೆಟಾಲಿಕ್ (ಲೋಹವೋ ಅಲ್ಲವೋ). ಈ ಪದ್ಧತಿಯ ಬೇರು 2012ರಲ್ಲಿ ಡಿಸ್ನಿ ಸಂಸ್ಥೆಯವರು ಸಿಗ್‌ಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಮಾದರಿಯಲ್ಲಿದೆ. ಮರುವರ್ಷವೇ ಅನ್‌ರಿಯಲ್ ಎಂಜಿನ್ 4ರ ತಂಡ ಅದನ್ನು ಗೇಮ್‌ಗೆ ಒಗ್ಗುವಂತೆ ಸರಳಗೊಳಿಸಿತು.

ಮೊದಲು ಗೋಡೆಯ ಬೇಸ್ ಕಲರ್. ಅದು ಮೇಲ್ಮೈ ಎಷ್ಟು ಪಾಲು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ ಎಂಬುದರ ಅಳತೆ. ಇದ್ದಿಲು ಸುಮಾರು 0.04, ಹೊಸ ಹಿಮ 0.8ರಿಂದ 0.9, ಲೋಹವಲ್ಲದ ಯಾವ ದಿನನಿತ್ಯದ ವಸ್ತುವೂ ಸಾಮಾನ್ಯವಾಗಿ ಈ ಎರಡರ ಆಚೆಗೆ ಹೋಗುವುದಿಲ್ಲ. ಸುಣ್ಣ ಬಳಿದ ಗೋಡೆಗೆ 1.0 ಎಂದು ಹಾಕಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಮುಚ್ಚಿದ ಕೋಣೆಯೊಂದರಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತ ಒಟ್ಟುಗೂಡುವ ಪ್ರಮಾಣ, ಒಂದನ್ನು ಒಂದರಿಂದ ಆ ಪಾಲು ಕಳೆದು ಉಳಿದದ್ದರಿಂದ ಭಾಗಿಸಿದಷ್ಟು. ಪಾಲು 0.8 ಆಗಿದ್ದರೆ 5 ಪಟ್ಟು, 0.9 ಆಗಿದ್ದರೆ 10 ಪಟ್ಟು, 0.95 ಆಗಿದ್ದರೆ 20 ಪಟ್ಟು. ಕಣ್ಣಿಗೆ ಹೆಚ್ಚು ವ್ಯತ್ಯಾಸ ತೋರದ ಎರಡು ಬಿಳಿಗಳ ನಡುವೆ ಕೋಣೆಯ ಬೆಳಕು ಎರಡರಷ್ಟಾಗಿಬಿಡುತ್ತದೆ, ನೆರಳೆಲ್ಲ ತೊಳೆದುಹೋಗುತ್ತದೆ. ಗೋಡೆಗೆ 0.7ರ ಆಸುಪಾಸಿನಲ್ಲಿ ಶುರುಮಾಡುವುದು ನನ್ನ ಅಭ್ಯಾಸ.

ತಾಮ್ರದ ಹೂಜಿಗೆ ಮೆಟಾಲಿಕ್ 1, ಮರಕ್ಕೆ ಮತ್ತು ಗೋಡೆಗೆ 0. ನಡುವಿನ ಸಂಖ್ಯೆಗಳು ಧೂಳು ಕೂತ ಅಥವಾ ಕಿಲುಬು ಹಿಡಿದ ಅಂಚುಗಳಿಗೆ ಮಾತ್ರ. ಲೋಹದ ಬಣ್ಣ ಅದರ ಪ್ರತಿಫಲನದಲ್ಲಿರುತ್ತದೆ. ಮರ, ಗಾಜು, ಪ್ಲಾಸ್ಟಿಕ್‌ಗಳಲ್ಲಿ ಎದುರಿನಿಂದ ನೋಡಿದಾಗಿನ ಪ್ರತಿಫಲನ ಬಣ್ಣವಿಲ್ಲದ್ದು ಮತ್ತು ಸುಮಾರು ನೂರಕ್ಕೆ 4ರಷ್ಟು, ನೀರಿಗೆ ನೂರಕ್ಕೆ 2ರಷ್ಟು. ಓರೆಯಾಗಿ ನೋಡುತ್ತ ಹೋದಂತೆ ಎಲ್ಲವೂ ಕನ್ನಡಿಯ ಕಡೆಗೆ ವಾಲುತ್ತವೆ. ಮೇಜಿನ ಮಟ್ಟಕ್ಕೆ ತಲೆ ಬಗ್ಗಿಸಿ ಅದರ ಮೇಲ್ಮೈಯುದ್ದಕ್ಕೂ ಕಿಟಕಿಯ ಕಡೆ ನೋಡಿದರೆ, ಹೊಳಪಿಲ್ಲದ ಮರವೂ ಕಿಟಕಿಯನ್ನು ಮಸುಕಾಗಿ ತೋರಿಸುವುದನ್ನು ಕಾಣಬಹುದು. ಎಂಜಿನ್ ಇದನ್ನು ತಾನೇ ಲೆಕ್ಕ ಹಾಕುತ್ತದೆ, ನೀವು ಕೈಹಾಕಬೇಕಾಗಿಲ್ಲ.

ಇನ್ನು ರಫ್‌ನೆಸ್. ಕಣ್ಣು ವಸ್ತುವನ್ನು ಗುರುತಿಸುವುದರಲ್ಲಿ ಬಣ್ಣಕ್ಕಿಂತ ಹೆಚ್ಚಿನ ಪಾತ್ರ ಇದರದು. ಹೂಜಿಯ ಇಡೀ ಮೈಗೆ 0.3 ಎಂಬ ಒಂದೇ ಸಂಖ್ಯೆ ಕೊಟ್ಟರೆ ಅದು ಪ್ಲಾಸ್ಟಿಕ್ ಆಟಿಕೆಯಾಗುತ್ತದೆ. ಕೈ ಹಿಡಿದು ಹಿಡಿದು ನುಣುಪಾದ ಕತ್ತಿನ ಭಾಗದಲ್ಲಿ 0.15, ಮುಟ್ಟದೆ ಮಂಕಾದ ಬುಡದಲ್ಲಿ 0.5, ಅಲ್ಲಲ್ಲಿ ಒರೆಸಿದ ಬಟ್ಟೆಯ ಗೆರೆಗಳು, ಒಂದೆರಡು ಬೆರಳಚ್ಚು: ಇಷ್ಟು ವೈವಿಧ್ಯ ಬಂದೊಡನೆ ಅದೇ ಮೆಶ್ ತಾಮ್ರವಾಗುತ್ತದೆ.

ಇಲ್ಲಿ ನಾನೇ ಬಿದ್ದ ಒಂದು ಹಳ್ಳವನ್ನು ತೋರಿಸಬೇಕು. ಒಮ್ಮೆ ಹೀಗೆಯೇ ಎಚ್ಚರಿಕೆಯಿಂದ ಬಿಡಿಸಿದ ರಫ್‌ನೆಸ್ ಟೆಕ್ಸ್ಚರ್ ಅನ್ನು ಎಂಜಿನ್‌ಗೆ ತಂದಾಗ, ಮರದ ಮೇಜು ಮಳೆಯಲ್ಲಿ ನೆನೆದಂತೆ ಹೊಳೆಯತೊಡಗಿತು. ಎರಡು ದಿನ ದೀಪಗಳನ್ನು ತಿದ್ದಿದೆ. ಕೊನೆಗೆ ತಿಳಿದದ್ದೇನೆಂದರೆ, ಆ ಟೆಕ್ಸ್ಚರ್‌ನಲ್ಲಿ ಎಸ್‌ಆರ್‌ಜಿಬಿ (ಪರದೆಯ ಬಣ್ಣಗಳನ್ನು ಬರೆದಿಡುವ ಪದ್ಧತಿ) ಎಂಬ ಚೌಕಕ್ಕೆ ಗುರುತು ಉಳಿದುಬಿಟ್ಟಿತ್ತು. ಬಣ್ಣದ ಚಿತ್ರಗಳಿಗಷ್ಟೇ ಬೇಕಾದ ಆ ಪರಿವರ್ತನೆಯನ್ನು ರಫ್‌ನೆಸ್‌ಗೂ ಹಚ್ಚಿದರೆ, ನೀವು 0.5 ಎಂದು ಬರೆದದ್ದನ್ನು ಎಂಜಿನ್ 0.21 ಎಂದು ಓದುತ್ತದೆ. ರಫ್‌ನೆಸ್, ಮೆಟಾಲಿಕ್, ನಾರ್ಮಲ್ ಮ್ಯಾಪ್ (ಮೇಲ್ಮೈಯ ಸಣ್ಣ ಉಬ್ಬುತಗ್ಗುಗಳನ್ನು ಹೇಳುವ ಟೆಕ್ಸ್ಚರ್) ಈ ಮೂರರಲ್ಲೂ ಆ ಗುರುತನ್ನು ತೆಗೆಯಿರಿ. ನಾರ್ಮಲ್ ಮ್ಯಾಪ್‌ನಲ್ಲಿ ಇನ್ನೊಂದು ತೊಡಕಿದೆ: ಅದನ್ನು ಬರೆಯುವ ಎರಡು ಪದ್ಧತಿಗಳಲ್ಲಿ ಓಪನ್‌ಜಿಎಲ್‌ನದಾಗಿದ್ದರೆ ಅದರ ಹಸಿರು ಚಾನೆಲ್ (ಚಿತ್ರದ ಹಸಿರು ಬಣ್ಣದ ಪದರ) ಇನ್ನೊಂದಾದ ಡೈರೆಕ್ಟ್‌ಎಕ್ಸ್ ಪದ್ಧತಿಗೆ ತಲೆಕೆಳಗು. ಅನ್‌ರಿಯಲ್ ಡೈರೆಕ್ಟ್‌ಎಕ್ಸ್ ಪದ್ಧತಿಯನ್ನು ಅನುಸರಿಸುತ್ತದೆ. ಮರದ ಬಿರುಕುಗಳು ಉಬ್ಬಿದಂತೆ ಕಂಡರೆ ಹಸಿರು ಚಾನೆಲ್ ತಿರುಗಿಸಿ.

ಹಂತ 4: ಬೆಳಕು

ದೀಪ ಹಚ್ಚುವ ಮುನ್ನ ಕ್ಯಾಮೆರಾದ ತಾನಾಗಿ ಹೊಂದಿಕೊಳ್ಳುವ ಎಕ್ಸ್‌ಪೋಷರ್ ಅನ್ನು (ಕ್ಯಾಮೆರಾ ಎಷ್ಟು ಬೆಳಕು ಹಿಡಿಯುತ್ತದೆ ಎಂಬುದನ್ನು) ನಿಲ್ಲಿಸಿ. ನೀವು ದೀಪ ಹೆಚ್ಚಿಸಿದಂತೆ ಅದು ಚಿತ್ರವನ್ನು ಕತ್ತಲಾಗಿಸುತ್ತ ಹೋದರೆ ಯಾವ ತೀರ್ಮಾನಕ್ಕೂ ಬರಲಾಗದು. ಎಕ್ಸ್‌ಪೋಷರ್ ಅನ್ನು ಕೈಯಿಂದ ನಿಗದಿ ಮಾಡಿ, ನಂತರ ಕೋಣೆಯ ನಡುವೆ ಎರಡು ಗೋಲಗಳನ್ನಿಡಿ: ಒಂದು ನೂರಕ್ಕೆ 18ರಷ್ಟು ಬೆಳಕು ಚೆಲ್ಲುವ ಬೂದು ಬಣ್ಣದ್ದು, ಇನ್ನೊಂದು ಕನ್ನಡಿಯಂಥದು. ಬೂದು ಗೋಲ ಬೆಳಕು ಎಷ್ಟಿದೆ ಎಂಬುದನ್ನೂ, ಕನ್ನಡಿ ಗೋಲ ಅದು ಎಲ್ಲಿಂದ ಬರುತ್ತಿದೆ ಎಂಬುದನ್ನೂ ಹೇಳುತ್ತದೆ. ಕೆಲಸ ಮುಗಿಯುವವರೆಗೂ ಅವನ್ನು ತೆಗೆಯಬೇಡಿ.

ಈಗ ನಿಜವಾದ ಸಂಖ್ಯೆಗಳನ್ನು ಬಳಸಿ. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್ (ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ). ರಾತ್ರಿ ದೀಪ ಹಚ್ಚಿದ ಕೋಣೆ ನೂರರಿಂದ ಕೆಲವು ನೂರು ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸ್‌ನ ಮೂರನೇ ಒಂದಂಶವೂ ಇಲ್ಲ. ಹಳೆಯ 60 ವ್ಯಾಟ್ ಬಲ್ಬು ಸುಮಾರು 800 ಲ್ಯೂಮೆನ್ (ಇಲ್ಲಿ ಇದು ದೀಪ ಚೆಲ್ಲುವ ಒಟ್ಟು ಬೆಳಕಿನ ಅಳತೆ, ಅನ್‌ರಿಯಲ್‌ನ ವ್ಯವಸ್ಥೆಯಲ್ಲ) ಬೆಳಕು ಕೊಡುತ್ತಿತ್ತು, ಅದರ ಬಣ್ಣದ ಉಷ್ಣತೆ 2700 ಕೆಲ್ವಿನ್ ಆಸುಪಾಸು. ಹಗಲಿನ ಬೆಳಕಿನದು 6500ರ ಹತ್ತಿರ. ಈ ಅಗಾಧ ಅಂತರವೇ ಛಾಯಾಚಿತ್ರವನ್ನು ಛಾಯಾಚಿತ್ರವಾಗಿಸುತ್ತದೆ. ಒಳಗಿನ ಎಕ್ಸ್‌ಪೋಷರ್‌ನಲ್ಲಿ ಕಿಟಕಿಯ ಹೊರಗಿನದೆಲ್ಲ ಬೆಳ್ಳಗೆ ಉರಿದುಹೋಗಬೇಕು. ಹೊಸಬರು ಕಿಟಕಿಯಾಚೆಯ ಮರವೂ ಚೆನ್ನಾಗಿ ಕಾಣಲಿ ಎಂದು ಸೂರ್ಯನನ್ನು ಕುಗ್ಗಿಸಿಬಿಡುತ್ತಾರೆ, ಅಲ್ಲಿಗೆ ಕೋಣೆ ನಾಟಕದ ಸೆಟ್ ಆಗುತ್ತದೆ.

ಮೊದಲು ಸೂರ್ಯ, ಆಕಾಶ ಎರಡನ್ನೇ ಇಟ್ಟು ನೋಡಿ. ಕಿಟಕಿಯಿಂದ ನೆಲಕ್ಕೆ ಬಿದ್ದ ಬಿಸಿಲಿನ ಚೌಕ ಅಲ್ಲಿಂದ ಪುಟಿದು ಛಾವಣಿಯನ್ನು ಬೆಳಗಬೇಕು, ಮೇಜಿನ ಕೆಳಭಾಗಕ್ಕೆ ನೆಲದ ಬಣ್ಣ ತುಸು ಅಂಟಬೇಕು. ಹೀಗೆ ಪುಟಿಯುವ ಬೆಳಕಿನ ಲೆಕ್ಕವನ್ನು ಜೇಮ್ಸ್ ಕಾಜಿಯಾ 1986ರಲ್ಲೇ ಒಂದು ಸಮೀಕರಣದಲ್ಲಿ ಬರೆದಿಟ್ಟರು. ಅದನ್ನು ಮಿಲಿಸೆಕೆಂಡುಗಳಲ್ಲಿ ಅಂದಾಜಿಸುವ ಯಂತ್ರ ಮನೆಗೆ ಬರಲು ಮೂರು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಲ್ಯೂಮೆನ್ ಈ ಕೆಲಸವನ್ನು ಎರಡು ರೀತಿಯಲ್ಲಿ ಮಾಡಬಲ್ಲದು: ವಸ್ತುಗಳ ಸರಳೀಕೃತ ದೂರ-ನಕ್ಷೆಗಳ ಮೂಲಕ ಸಾಫ್ಟ್‌ವೇರ್‌ನಲ್ಲಿ, ಅಥವಾ ಜಿಪಿಯುವಿನ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಜಾಡು ಹಿಡಿಯುವ) ಹಾರ್ಡ್‌ವೇರ್‌ನಲ್ಲಿ. ಈ ತಲೆಮಾರಿನ ಕನ್ಸೋಲ್‌ಗಳಿಗೆ ಎಪಿಕ್ ಇಟ್ಟುಕೊಂಡ ಗುರಿ, 1080ಪಿ (1920×1080 ಪಿಕ್ಸೆಲ್) ಒಳ ರೆಸಲ್ಯೂಶನ್‌ನಲ್ಲಿ, ಅಂದರೆ ಎಂಜಿನ್ ಒಳಗೆ ಚಿತ್ರ ಬಿಡಿಸುವ ಗಾತ್ರದಲ್ಲಿ, 60 ಫ್ರೇಮ್‌ಗೆ ಸುಮಾರು 4 ಮಿಲಿಸೆಕೆಂಡು, 30 ಫ್ರೇಮ್‌ಗೆ ಸುಮಾರು 8 ಮಿಲಿಸೆಕೆಂಡು. ಅಂದರೆ ಫ್ರೇಮ್‌ನ ಕಾಲುಭಾಗ ಪುಟಿಯುವ ಬೆಳಕು ಮತ್ತು ಪ್ರತಿಫಲನಕ್ಕೇ ಹೋಯಿತು. ಹಾಳೆಯಲ್ಲಿ ಬರೆದುಕೊಳ್ಳಿ.

ಹೂಜಿಯ ಮೈಯಲ್ಲಿ ಕಿಟಕಿ ಪ್ರತಿಫಲಿಸಬೇಕು, ಕ್ಯಾಮೆರಾದ ಹಿಂದಿರುವ ಗೋಡೆಯೂ ಪ್ರತಿಫಲಿಸಬೇಕು. ಪರದೆಯ ಮೇಲೆ ಕಾಣುವುದನ್ನಷ್ಟೇ ಪ್ರತಿಫಲಿಸುವ ಹಳೆಯ ಸ್ಕ್ರೀನ್ ಸ್ಪೇಸ್ ವಿಧಾನದಲ್ಲಿ ಕ್ಯಾಮೆರಾ ತಿರುಗಿಸಿದೊಡನೆ ಅರ್ಧ ಪ್ರತಿಬಿಂಬ ಮಾಯವಾಗುತ್ತದೆ. ಇಂಥ ದುಂಡನೆಯ ನುಣುಪು ವಸ್ತುಗಳಲ್ಲಿ ರೇ ಟ್ರೇಸಿಂಗ್‌ಗೆ ಕೊಟ್ಟ ಸಮಯ ಸಾರ್ಥಕ. ಒರಟು ಗೋಡೆಗೂ ಅದನ್ನೇ ಹಚ್ಚುವುದು ದುಂದು.

ಚಿಕ್ಕದಾಗಿ ತೀವ್ರವಾಗಿ ಬೆಳಗುವ ಮೇಲ್ಮೈಗಳನ್ನೇ ದೀಪವಾಗಿ ಬಳಸಬೇಡಿ. ಕಿರಣಗಳು ಅವನ್ನು ಒಮ್ಮೆ ತಾಕಿ ಒಮ್ಮೆ ತಪ್ಪಿ, ಗೋಡೆಯ ಮೇಲೆ ಬೆಳಕು ನಡುಗುತ್ತದೆ. ಬಲ್ಬಿನ ಗಾಜು ಹೊಳೆಯಲಿ, ಕೋಣೆಯನ್ನು ಬೆಳಗುವ ಕೆಲಸಕ್ಕೆ ಅದರ ಜಾಗದಲ್ಲೊಂದು ನಿಜವಾದ ಲೈಟ್ ಇಡಿ.

ಹಂತ 5: ಆಕಾರದ ವಿವರ

ತ್ರಿಕೋನಗಳ ಸರದಿ ಈಗ ಬಂತು. ಜಿಪಿಯು ಪಿಕ್ಸೆಲ್‌ಗಳನ್ನು ಎರಡಕ್ಕೆರಡರ ಗುಂಪಿನಲ್ಲಿ ಬಣ್ಣ ತುಂಬುವುದರಿಂದ, ತ್ರಿಕೋನ ಒಂದು ಪಿಕ್ಸೆಲ್‌ನಷ್ಟೇ ಚಿಕ್ಕದಾದಾಗ ಹೆಚ್ಚಿನ ಶ್ರಮ ಪೋಲಾಗುತ್ತದೆ. ಅನ್‌ರಿಯಲ್‌ನ ನ್ಯಾನೈಟ್ ಎಂಬ ವ್ಯವಸ್ಥೆಯು ಮೆಶ್ ಅನ್ನು 128 ತ್ರಿಕೋನಗಳವರೆಗಿನ ಗೊಂಚಲುಗಳಾಗಿ ಒಡೆದು, ದೂರಕ್ಕೆ ತಕ್ಕಷ್ಟು ವಿವರವನ್ನು ಮಾತ್ರ ಆರಿಸಿ, ತೀರಾ ಚಿಕ್ಕ ತ್ರಿಕೋನಗಳನ್ನು ತನ್ನದೇ ಸಾಫ್ಟ್‌ವೇರ್ ವಿಧಾನದಿಂದ ಬಿಡಿಸುತ್ತದೆ. ಮೇಜು, ಹೂಜಿ, ಗೋಡೆಯ ಗಾರೆಗೆ ಅದನ್ನು ಆನ್ ಮಾಡಿ. ಗಾಜಿನ ಲೋಟಕ್ಕೆ ಬೇಡ, ಪಾರದರ್ಶಕ ಮೆಟೀರಿಯಲ್‌ಗಳು ನ್ಯಾನೈಟ್‌ಗೆ ಸಲ್ಲುವುದಿಲ್ಲ. ಎಲೆಗಳ ಆಕಾರವನ್ನು ಟೆಕ್ಸ್ಚರ್‌ನಿಂದ ಕತ್ತರಿಸಿ ತೋರಿಸುವ ಗಿಡಗಳಲ್ಲಿ ಅದರ ವೆಚ್ಚ ಏರುತ್ತದೆ.

ತ್ರಿಕೋನಗಳನ್ನು ಎಲ್ಲಿ ಖರ್ಚು ಮಾಡಬೇಕು? ಅಂಚುಗಳಲ್ಲಿ. ಕಂಪ್ಯೂಟರ್ ಮೇಜಿನ ಅಂಚು ಕತ್ತಿಯಲಗಿನಂತಿರುತ್ತದೆ. ನಿಜವಾದ ಮೇಜಿನ ಅಂಚು ಒಂದೆರಡು ಮಿಲಿಮೀಟರ್ ದುಂಡಗಿದ್ದು, ಅಲ್ಲಿ ಕಿಟಕಿಯ ಬೆಳಕು ತೆಳುವಾದ ಗೆರೆಯಾಗಿ ಹೊಳೆಯುತ್ತದೆ. ಎಲ್ಲ ಅಂಚುಗಳಿಗೂ ಸಣ್ಣ ಬೆವೆಲ್ (ದುಂಡಗೆ ಸವರಿದ ಅಂಚು) ಕೊಡುವುದರಿಂದ ಸಿಗುವ ಫಲ, ಮೇಲ್ಮೈಗೆ ಹತ್ತು ಲಕ್ಷ ತ್ರಿಕೋನ ಸೇರಿಸಿದರೂ ಸಿಗದು.

ಹಂತ 6: ಟೆಕ್ಸ್ಚರ್ ಮತ್ತು ಮೆಮೊರಿ

4096 ಪಿಕ್ಸೆಲ್ ಚೌಕದ ಟೆಕ್ಸ್ಚರ್ ಬಿಸಿ7 ಎಂಬ ಸಂಕೋಚನ ವಿಧಾನದಲ್ಲಿ 16 ಎಂಬಿ. ಬಣ್ಣ, ನಾರ್ಮಲ್, ಮತ್ತು ರಫ್‌ನೆಸ್ ಮುಂತಾದವನ್ನು ಒಂದರಲ್ಲೇ ತುಂಬಿದ ಮೂರನೆಯದು, ಮೂರೂ ಸೇರಿ 48 ಎಂಬಿ. ದೂರಕ್ಕೆ ಬಳಸುವ ಚಿಕ್ಕ ಪ್ರತಿಗಳೂ ಸೇರಿದರೆ 64. ಇಂಥ ನೂರು ಮೆಟೀರಿಯಲ್‌ಗಳಿದ್ದರೆ 6.4 ಜಿಬಿ ಹೋಯಿತು. ಪ್ಲೇಸ್ಟೇಷನ್ 5ರ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಜಿಬಿ ಓದಬಲ್ಲದು, ಅಂದರೆ 60 ಫ್ರೇಮ್‌ಗಳಲ್ಲಿ ಒಂದೊಂದಕ್ಕೆ ಹೆಚ್ಚೆಂದರೆ 90 ಎಂಬಿಯಷ್ಟು. ಸೀರೀಸ್ ಎಕ್ಸ್‌ನ 2.4 ಜಿಬಿ ವೇಗದಲ್ಲಿ 40 ಎಂಬಿ. ಸಂಕೋಚಿಸಿ ಇಟ್ಟ ಡೇಟಾಗೆ ಇದು ಇನ್ನೂ ಏರುತ್ತದೆ. ಹಾಗಾಗಿ ಎಲ್ಲವನ್ನೂ ಮೆಮೊರಿಯಲ್ಲಿ ಹಿಡಿದಿಡುವ ಬದಲು ಬೇಕಾದಾಗ ತರಿಸಿಕೊಳ್ಳುವ ಸ್ಟ್ರೀಮಿಂಗ್ ಅನ್ನು ಆನ್ ಇಡಿ. ಆಟಗಾರನ ಕಣ್ಣಿನ ಮಟ್ಟದಲ್ಲಿ ಆಡುವ ಗೇಮ್‌ಗೆ ಒಂದು ಮೀಟರಿಗೆ 1024 ಪಿಕ್ಸೆಲ್ ಎಂಬ ಅಳತೆ ಸಾಮಾನ್ಯವಾಗಿ ಸಾಕು. ಮೇಜಿಗೆ ಅದರ ಎರಡರಷ್ಟು ಕೊಡಬಹುದು, ಛಾವಣಿಗೆ ಅರ್ಧ ಸಾಕು.

ಹಂತ 7: ಅಪ್‌ಸ್ಕೇಲಿಂಗ್ ಮತ್ತು ಕ್ಯಾಮೆರಾ

ಕನ್ಸೋಲ್‌ನಲ್ಲಿ ನೇರವಾಗಿ 4ಕೆಯಲ್ಲಿ ಬಿಡಿಸುವ ಹಟ ಬೇಡ. 1440ಪಿಯಲ್ಲಿ 4ಕೆಯ ನೂರಕ್ಕೆ 44ರಷ್ಟು ಪಿಕ್ಸೆಲ್‌ಗಳಿವೆ, 1080ಪಿಯಲ್ಲಿ ನಾಲ್ಕನೇ ಒಂದು. ಆರಂಭದಲ್ಲಿ ಹೇಳಿದ 2020ರ ಪ್ರಾತ್ಯಕ್ಷಿಕೆಯೂ ಹೆಚ್ಚಿನ ಸಮಯ 1440ಪಿಯಲ್ಲೇ ಓಡುತ್ತಿತ್ತು. ಅನ್‌ರಿಯಲ್‌ನ ಟಿಎಸ್‌ಆರ್, ಎಎಮ್‌ಡಿಯ ಎಫ್‌ಎಸ್‌ಆರ್, 2024ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೋದ ಪಿಎಸ್‌ಎಸ್‌ಆರ್ ಇವೆಲ್ಲ ಕಡಿಮೆ ಪಿಕ್ಸೆಲ್‌ಗಳಿಂದ ದೊಡ್ಡ ಚಿತ್ರ ಕಟ್ಟುವ ವಿಧಾನಗಳೇ. ಚಲಿಸುವ ಪ್ರತಿಯೊಂದು ವಸ್ತುವೂ ತನ್ನ ಚಲನೆಯ ದಿಕ್ಕನ್ನು ಎಂಜಿನ್‌ಗೆ ಸರಿಯಾಗಿ ತಿಳಿಸುತ್ತಿರಬೇಕು. ಇಲ್ಲದಿದ್ದರೆ ಅದರ ಹಿಂದೆ ಮಸುಕಾದ ಬಾಲ ಉಳಿಯುತ್ತದೆ.

ಕ್ಯಾಮೆರಾದ ಅಲಂಕಾರಗಳ ಬಗ್ಗೆ ನನ್ನ ನಿಲುವು ಕಟ್ಟುನಿಟ್ಟಾದದ್ದು. ಚಿತ್ರದ ಅಂಚಿನಲ್ಲಿ ಬಣ್ಣ ಒಡೆಯುವ ಕ್ರೋಮ್ಯಾಟಿಕ್ ಅಬರೇಶನ್ ಒಂದು ಲೆನ್ಸಿನ ದೋಷ, ಛಾಯಾಗ್ರಾಹಕರು ಹಣ ಕೊಟ್ಟು ಅದನ್ನು ತೊಲಗಿಸಿಕೊಳ್ಳುತ್ತಾರೆ. ಗೇಮ್‌ನವರು ಅದನ್ನು ಸಿಂಗಾರವೆಂದು ಹಚ್ಚುತ್ತಾರೆ. ಅದನ್ನು ಸೊನ್ನೆಗೆ ಇಳಿಸಿ. ಬ್ಲೂಮ್ (ಪ್ರಖರ ಬೆಳಕಿನ ಸುತ್ತ ಹರಡುವ ಕಾಂತಿ) ಸ್ವಲ್ಪ ಮಾತ್ರ ಇರಲಿ. ಎಚ್‌ಡಿಆರ್ (ಹೆಚ್ಚು ಪ್ರಖರತೆ ತೋರಬಲ್ಲ) ಪರದೆ ಮತ್ತು ಸಾಮಾನ್ಯ ಪರದೆ ಎರಡರಲ್ಲೂ ಟೋನ್ ಮ್ಯಾಪಿಂಗ್ (ದೃಶ್ಯದ ಬೆಳಕನ್ನು ಪರದೆಯ ಮಿತಿಗೆ ಹೊಂದಿಸುವುದು) ಹೇಗೆ ಕಾಣುತ್ತದೆ ಎಂದು ಬೇರೆ ಬೇರೆಯಾಗಿ ನೋಡಿ, ಒಂದರಲ್ಲಿ ಚೆಂದವಾದ ಕಿಟಕಿಯ ಉರಿ ಇನ್ನೊಂದರಲ್ಲಿ ಕಣ್ಣು ಚುಚ್ಚಬಹುದು.

ಹಂತ 8: ಕನ್ಸೋಲ್‌ನಲ್ಲಿ ಪರೀಕ್ಷೆ

ಕೋಣೆಯ ಸುತ್ತ 30 ಸೆಕೆಂಡುಗಳ ಒಂದು ಕ್ಯಾಮೆರಾ ದಾರಿಯನ್ನು ರೆಕಾರ್ಡ್ ಮಾಡಿಡಿ. ಪ್ರತಿ ಬದಲಾವಣೆಯ ನಂತರವೂ ಅದೇ ದಾರಿಯನ್ನು ಓಡಿಸಿ, ‘ಸ್ಟ್ಯಾಟ್ ಯೂನಿಟ್’ ಆಜ್ಞೆ ತೋರಿಸುವ ಸಂಖ್ಯೆಗಳನ್ನು ಬರೆದುಕೊಳ್ಳಿ. ಒಟ್ಟು ಸಮಯ ಜಿಪಿಯು ಸಮಯಕ್ಕೆ ಹತ್ತಿರವಿದ್ದರೆ ತೊಂದರೆ ಚಿತ್ರದಲ್ಲಿದೆ. ಗೇಮ್ ಅಥವಾ ಡ್ರಾ ಎಂಬ ಸಾಲಿಗೆ ಹತ್ತಿರವಿದ್ದರೆ ತೊಂದರೆ ಸಿಪಿಯುವಿನಲ್ಲಿದೆ, ಆಗ ರೆಸಲ್ಯೂಶನ್ ಇಳಿಸಿ ಏನೂ ಪ್ರಯೋಜನವಿಲ್ಲ. ಜಿಪಿಯುವಿನ ಯಾವ ಭಾಗ ಎಷ್ಟು ತಿನ್ನುತ್ತಿದೆ ಎಂಬುದನ್ನು ‘ಸ್ಟ್ಯಾಟ್ ಜಿಪಿಯು’ ಬಿಡಿಸಿ ಹೇಳುತ್ತದೆ. 60 ಫ್ರೇಮ್ ಗುರಿಯಿದ್ದರೆ ನಾನು 16.7ರ ಬದಲು 15 ಮಿಲಿಸೆಕೆಂಡನ್ನೇ ಗಡಿಯೆಂದು ಇಟ್ಟುಕೊಳ್ಳುತ್ತೇನೆ, ಆಟದಲ್ಲಿ ಹೊಗೆಯೋ ಸಿಡಿತವೋ ಬಂದಾಗ ಆ ಉಳಿಕೆ ಬೇಕಾಗುತ್ತದೆ. ಗಡಿ ದಾಟಿದರೆ ಮೊದಲು ಒಳ ರೆಸಲ್ಯೂಶನ್, ಆಮೇಲೆ ನೆರಳಿನ ಗುಣಮಟ್ಟ, ಆಮೇಲೆ ಪ್ರತಿಫಲನ ಈ ಕ್ರಮದಲ್ಲಿ ಇಳಿಸಿ. ಪುಟಿಯುವ ಬೆಳಕನ್ನು ಕೊನೆಗೆ ಮುಟ್ಟಿ.

ನಂತರ ಮಾನಿಟರ್ ಬಿಟ್ಟು ಎದ್ದು, ಟಿವಿಯ ಮುಂದೆ ಆಟಗಾರ ಕೂರುವಷ್ಟು ದೂರದಲ್ಲಿ ಕುಳಿತು ಅದೇ ದಾರಿಯನ್ನು ನೋಡಿ. ನಿಂತ ಚಿತ್ರದಲ್ಲಿ ಕಾಣದ ದೋಷಗಳು ಇಲ್ಲಿ ಮೇಲೇಳುತ್ತವೆ: ಲೋಟದ ಅಂಚಿನ ಮಿನುಗು, ಮೇಜಿನ ಕೆಳಗಿನ ನೆರಳಿನ ತೆವಳು, ಕ್ಯಾಮೆರಾ ಥಟ್ಟನೆ ತಿರುಗಿದಾಗ ಒಂದು ಕ್ಷಣ ತಡವಾಗಿ ತುಂಬಿಕೊಳ್ಳುವ ಬೆಳಕು. ಇವನ್ನು ತಿದ್ದಲು ಹೊರಡುವ ಮುನ್ನ ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿ, ಅದರ ಶಾರ್ಪ್‌ನೆಸ್ ಹೆಚ್ಚಾಗಿ ಉಳಿದಿದೆಯೇ ಎಂದು ಪರೀಕ್ಷಿಸಿ. ಹೂಜಿಯ ಸುತ್ತ ಕಾಣುವ ಬಿಳಿ ಗೆರೆ ಎಷ್ಟೋ ಸಲ ಎಂಜಿನ್‌ನದಾಗಿರುವುದಿಲ್ಲ, ಟಿವಿಯದೇ ಆಗಿರುತ್ತದೆ.